ಸೊಸೆಯ ಎದೆಯೊಳಗಿನ ಬಿಲ್ಲೆ

ಸೊಸೆ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಕುಸಿದು ಕುಳಿತಾಗ, ಪಿತ್ತವಿರಬೇಕೆಂದು ನಾನು ಓಮಿನ ಕಷಾಯ ಕುಡಿಸಿದೆ. ನನ್ನ ಕಷಾಯಕ್ಕಿಷ್ಟು ಬೆಂಕಿ ಹಾಕ! ನೋಡನೋಡುತ್ತಲೇ ಅವಳ ತುಟಿ ಬಿಳಿಚಿಕೊಂಡಿತು, ಕೈ ತಣ್ಣಗಾಯಿತು. ಮಗ ಊರಿನ ಆಚೆ ತುದಿಯ ವಿಮಾನ ನಗರದ ಆಫೀಸಿನಲ್ಲಿದ್ದ. ವಾಚ್‌ಮನ್ ಕರೆತಂದ ರಿಕ್ಷಾದಲ್ಲಿ ಅವಳನ್ನು ಕೂಡಿಸಿಕೊಂಡು, ನಮ್ಮ ಕೋಥರೂಡಿನ ಪ್ರತಿ ಸಿಗ್ನಲ್ಲಿಗೂ ಶಾಪ ಹಾಕುತ್ತ ಆಸ್ಪತ್ರೆ ಮುಟ್ಟಿದೆ.

ಈ ಮೊದಲು ಏನಾದರೂ ಆಪರೇಶನ್ ಆಗಿದೆಯೇ ಎಂದು ಡಾಕ್ಟರು ಮರಾಠಿಯಲ್ಲಿ ಸೊಸೆಯನ್ನು ಕೇಳಿದರು. ಎಲ್ಲರ ಪರವಾಗಿ ಉತ್ತರ ಕೊಡುವುದು ನನ್ನ ಚಾಳಿ. "ಕಾಹೀ ನಾಹೀ," ಏನೂ ಇಲ್ಲ, ಎಂದೆ. ಧಾರವಾಡಕ್ಕೆ ಹೆಣ್ಣು ನೋಡಲು ಹೋದಾಗ ಎಲ್ಲವನ್ನೂ ಕೆದಕಿ ಕೆದಕಿ ವಿಚಾರಿಸಿದವಳು ನಾನೇ ಅಲ್ಲವೇ.

ಸೊಸೆ ನನ್ನ ಸೆರಗು ಜಗ್ಗಿದಳು. "ಹಂಗಲ್ರಿ ಅತ್ತಿ. ನನ್ನ ಹೃದಯದಾಗ ತೂತಿತ್ರಿ. ಲಗ್ನಕ್ಕಿಂತ ಮೊದಲ, ತೊಡಿ ನರದಾಗಿಂದ ಒಂದು ಬಿಲ್ಲೆ ಕಳಿಸಿ ಮುಚ್ಯಾರ್ರಿ."

ನಾನು ಅದನ್ನೇ ಮರಾಠಿಯಲ್ಲಿ ಹೇಳಿದಾಗ ಡಾಕ್ಟರ ಮುಖವೇ ಬದಲಾಯಿತು. ಕೂಡಲೇ ಹೃದಯದ ಇಕೋ ಸ್ಕ್ಯಾನ್ ಮಾಡಿದರು. ಇಷ್ಟು ವರ್ಷ ಸುಮ್ಮನಿದ್ದ ಬಿಲ್ಲೆ ಹೃದಯದ ಗೋಡೆಯನ್ನು ತಿಕ್ಕಿ ತಿಕ್ಕಿ ಸವೆಸಿದೆ, ಸುತ್ತಲೂ ರಕ್ತ ತುಂಬುತ್ತಿದೆ, ಈಗಲೇ ಎದೆ ತೆರೆದು ಅದನ್ನು ತೆಗೆಯಬೇಕು ಎಂದರು.

ಅವಳನ್ನು ಒಳಗೆ ಒಯ್ದ ಮೇಲೆ ಮೊಬೈಲಿನಲ್ಲಿ ಬೀಗತಿಯನ್ನು ಹಿಗ್ಗಾಮುಗ್ಗಾ ಬೈದೆ. ಆಗಿನ ಕಾಲಕ್ಕೆ ಒಂದೊಂದು ನಿಮಿಷಕ್ಕೂ ದುಡ್ಡು ಕಟ್ಟಾಗುತ್ತಿತ್ತು, ಆದರೂ ಬೈದೆ. ಆಕೆ ಎಲ್ಲ ಕೇಳಿಸಿಕೊಂಡಳು. "ಎದಿ ಮ್ಯಾಲೆ ಗಾಯದ ಗುರುತು ಬಿದ್ರ ಯಾರು ಮಾಡ್ಕೋತಾರಂತ ತೊಡಿಯಾಗಿಂದ ಮಾಡಿಸಿದ್ವಿರಿ. ಈಗ ಆಕಿ ಹ್ಯಾಂಗದಾಳ್ರಿ?" ಎಂದು ಅಳತೊಡಗಿದಳು.

ಅವಳು ಹೇಗಿದ್ದಾಳೆಂದು ನನಗೇ ಗೊತ್ತಿರಲಿಲ್ಲ. ಫೋನ್ ಇಟ್ಟ ಮೇಲೆ ಸಿಟ್ಟು ಇಳಿದು ಬರೀ ಹೆದರಿಕೆ ಉಳಿಯಿತು. ಆಪರೇಶನ್ ಥಿಯೇಟರಿನ ಬಾಗಿಲು ಅಲುಗಾಡಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಓಡೋಡಿ ಬಂದ ಮಗ "ಏನಾತವ್ವಾ?" ಎಂದು ಕೇಳಿದಾಗ ಆ ಬಾಗಿಲ ಕಡೆ ಕೈ ತೋರಿಸಿದೆ. ಕೊನೆಗೆ ಡಾಕ್ಟರು ಹೊರಗೆ ಬಂದು, ಬಿಲ್ಲೆ ತೆಗೆದಿದ್ದೇವೆ, ಜೀವಕ್ಕೆ ಅಪಾಯವಿಲ್ಲ ಎಂದಾಗ ಅವರಿಗೆ ಕೈ ಮುಗಿದೆ.

ಮರುದಿನ ಐಸಿಯುನಲ್ಲಿ ಅವಳು ಕಣ್ಣು ತೆರೆದಳು. "ಸಿಟ್ಟಾಗೀರೇನ್ರಿ ಅತ್ತಿ?"

"ಆಗದ ಏನ್ ಮಾಡಲಿ? ಇಂಥಾದ್ದು ನನ್ನ ಮುಂದ ಒಂದು ಮಾತು ಹೇಳಬಾರದೇನು?"

"ಹೇಳಿದ್ರ ನನ್ನ ಮಾಡ್ಕೋತಿದ್ರೇನ್ರಿ?"

ಹೂಂ ಎನ್ನಬೇಕೆಂದುಕೊಂಡೆ. ಬಾಯಿಂದ ನಿಜವೇ ಬಂತು. "ಇಲ್ಲವ್ವಾ," ಎಂದೆ.

"ಅದಕ್ಕ ಹೇಳಲಿಲ್ರಿ," ಎಂದಳು.