ಗಂಜಿ ಕುಡಿದ ಎರಡು ಗಡಿಗೆಗಳು

ಮಗಳು ಪಿಯುಸಿ ಬಿಟ್ಟು ಬೇರೇನೋ ಓದುತ್ತಿದ್ದಾಳೆ ಎಂಬುದು ಚನ್ನಗಿರಿಯ ನಮ್ಮ ಬೀದಿಗೆಲ್ಲ ಗೊತ್ತಿತ್ತು. ಅದು ಏನು ಎಂಬುದು ಮಾತ್ರ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಮನೆಯ ಮುಂಭಾಗದಲ್ಲೇ ಹಿಟ್ಟಿನ ಗಿರಣಿ. ರಾಗಿ, ಜೋಳ ಬೀಸಿಸಲು ಬಂದವರು ತಮ್ಮ ಸರದಿ ಬರುವವರೆಗೆ ಸುಮ್ಮನೆ ಕೂರುವವರಲ್ಲ.

“ನಿಮ್ ಹುಡುಗಿ ಸೈನ್ಸಾ, ಕಾಮರ್ಸಾ?”

“ಎರಡೂ ಅಲ್ಲ ಕಣಕ್ಕಾ. ಆರು ವಿಷಯ ಐತೆ. ಕನ್ನಡ, ಇಂಗ್ಲಿಷು, ಇತಿಹಾಸ, ಫಿಸಿಕ್ಸು, ಗಣಿತ, ಆಮೇಲೆ ಚಿತ್ರ ಬರೆಯಾದು.”

“ಚಿತ್ರಾನೂ ಪರೀಕ್ಷೆಗೆ ಬರ್ತೈತಾ?”

“ಬರ್ತೈತೆ.”

“ಹಂಗಾದ್ರೆ ಮದುವೆ ಊಟದ ಎಲೆ ಇದ್ದಂಗೆ ಐತೆ ಬಿಡವ್ವಾ. ಉಪ್ಪಿನಕಾಯಿಯಿಂದ ಹಿಡಿದು ಮಜ್ಜಿಗೆತನ್ಕ ಎಲ್ಲಾನೂ ಬಡಿಸ್ತಾರೆ.”

ನನಗೂ ಅದಕ್ಕಿಂತ ಚೆನ್ನಾಗಿ ವಿವರಿಸಲು ಬರುತ್ತಿರಲಿಲ್ಲ. ಹತ್ತನೆಯ ತರಗತಿ ಮುಗಿದ ಮೇಲೆ ಪರೀಕ್ಷೆ, ಸಂದರ್ಶನ ಎಲ್ಲ ದಾಟಿ, ದೂರದ ಊರಿನ ವಸತಿ ಶಾಲೆಯೊಂದರಲ್ಲಿ ಅವಳಿಗೆ ಪೂರ್ತಿ ವಿದ್ಯಾರ್ಥಿವೇತನದ ಸೀಟು ಸಿಕ್ಕಿತ್ತು. ಎರಡು ವರ್ಷದ ಅಂತರರಾಷ್ಟ್ರೀಯ ಡಿಪ್ಲೊಮಾ. ಆರು ವಿಷಯಗಳ ಜೊತೆಗೆ ಸಮಾಜಸೇವೆ ಮಾಡಬೇಕು, ತಾನೇ ಒಂದು ಪ್ರಶ್ನೆ ಹಾಕಿಕೊಂಡು ಉದ್ದದ ಪ್ರಬಂಧ ಬರೆಯಬೇಕು. ಇವೆಲ್ಲದರ ಮೇಲೆ, ಗೊತ್ತಿರುವುದು ನಮಗೆ ಹೇಗೆ ಗೊತ್ತಾಯಿತು ಎಂದು ಕೇಳುವ ಇನ್ನೊಂದು ತರಗತಿ. ಈ ಕೊನೆಯದರ ರುಚಿ ಹತ್ತಿ, ದಸರಾ ರಜೆಗೆ ಬಂದಾಗ ಅಜ್ಜಿಯನ್ನೇ, ಅಂದರೆ ನನ್ನ ಅತ್ತೆಯನ್ನೇ, ಹಿಡಿದುಕೊಂಡಿದ್ದಳು.

“ಅಜ್ಜಿ, ಮುದ್ದೆ ಬೆಂದೈತೆ ಅಂತ ನಿಂಗೆ ಹೆಂಗೆ ಗೊತ್ತು?”

“ನೋಡಿದ್ರೆ ಗೊತ್ತಾಗ್ತೈತೆ.”

“ನೋಡಿದ್ದು ಸರಿ ಅಂತ ಹೆಂಗೆ ಗೊತ್ತು?”

“ತಿಂದು ನೋಡು, ಆಗ ಗೊತ್ತಾಗ್ತೈತೆ. ಇದನ್ನ ಕಲಿಯಾಕೆ ಅಷ್ಟು ದೂರ ಹೋಗಿದ್ಯಾ?”

ಹೀಗೆ ನಗುತ್ತಿದ್ದವಳು ಆಮೇಲಾಮೇಲೆ ನಗುವುದನ್ನು ಕಡಿಮೆ ಮಾಡಿದಳು. ಜೊತೆಗಿದ್ದ ಮಕ್ಕಳು ಚಿಕ್ಕಂದಿನಿಂದಲೇ ಆ ರೀತಿಯ ಶಾಲೆಗಳಲ್ಲಿ ಓದಿದವರು. ಅವರು ಮಾತಾಡುವುದೇ ಬೇರೆ, ಬರೆಯುವುದೇ ಬೇರೆ. ಭಾನುವಾರದ ಫೋನಿನಲ್ಲಿ ಅಳು ಕೇಳಿಸತೊಡಗಿತು. ಮೊದಲ ವರ್ಷ ಮುಗಿಸಿ ಬೇಸಿಗೆ ರಜೆಗೆ ಬಂದವಳು ಚೀಲ ಇಳಿಸುವ ಮೊದಲೇ ಹೇಳಿದಳು:

“ಪ್ರಬಂಧ ಆಗ್ಲಿಲ್ಲ ಅಂದ್ರೆ ಡಿಪ್ಲೊಮಾನೇ ಕೊಡಲ್ಲಮ್ಮ. ನಂಗೆ ಆಗಲ್ಲ ಅನ್ಸುತ್ತೆ.”

ಅವರಪ್ಪ ಗಿರಣಿಯ ಬೆಲ್ಟು ನಿಲ್ಲಿಸಿ, ಕೈಯ ಹಿಟ್ಟು ಕೊಡವಿಕೊಂಡು ಒಳಗೆ ಬಂದರು. “ಈ ರಜೇಲಿ ಆ ಪ್ರಬಂಧದ ಪ್ರಯೋಗ ಏನೈತೆ ಅದನ್ನ ಮಾಡಿ ನೋಡು. ಆಯ್ತಾ, ವಾಪಸ್ ಹೋಗು. ಆಗ್ಲಿಲ್ವಾ, ಇಲ್ಲೇ ಪಿಯುಸಿಗೆ ಸೇರಿಸ್ತೀನಿ. ಒಂದು ವರ್ಷ ಹೋದ್ರೆ ಹೋಯ್ತು.” ನಾನು ಹೂಂ ಎಂದೆ. ಒಳಗೊಳಗೆ ಯಾವುದಕ್ಕೆ ಹೂಂ ಎಂದೆ ಎಂಬುದನ್ನು ಯಾರಿಗೂ ಹೇಳಲಿಲ್ಲ. ಮಗಳು ಎದುರಿಗೆ ಕುಳಿತು ಊಟ ಮಾಡುವುದನ್ನು ನೋಡಿ ತಿಂಗಳುಗಳೇ ಆಗಿದ್ದವು.

ಅವಳ ಪ್ರಶ್ನೆ ಇಷ್ಟು: ಬೇರೆ ಬೇರೆ ಊರಿನ ಮಣ್ಣಿನ ಗಡಿಗೆಗಳು ನೀರನ್ನು ಒಂದೇ ಸಮ ತಂಪು ಮಾಡುತ್ತವೆಯೇ? ಅದಕ್ಕೆ ನಾಲ್ಕು ಊರಿನ ನಾಲ್ಕು ಗಡಿಗೆ ಬೇಕು, ಎಲ್ಲವೂ ಒಂದೇ ಅಳತೆಯವು. ಚನ್ನಗಿರಿಯದು ಮನೆ ಹತ್ತಿರವೇ ಸಿಕ್ಕಿತು. ಜಗಳೂರು ನನ್ನ ತವರು, ಅಲ್ಲಿಯದನ್ನು ನನ್ನ ತಮ್ಮ ಹುಲ್ಲಿನಲ್ಲಿ ಸುತ್ತಿ ತಂದುಕೊಟ್ಟ. ಹೊನ್ನಾಳಿ ಮತ್ತು ನ್ಯಾಮತಿಗೆ ನಾವಿಬ್ಬರೇ ಬಸ್ಸಿನಲ್ಲಿ ಹೋದೆವು.

ಹೊನ್ನಾಳಿಯಲ್ಲಿ ಬೇಗ ಮುಗಿಯಿತು. ನ್ಯಾಮತಿಯಲ್ಲಿ ಗಡಿಗೆ ಮಾರುತ್ತಿದ್ದ ಸಾಹೇಬರು ಮಾತುಗಾರರು. ಮಗಳು ಟೇಪು ತೆಗೆದು ಒಂದೊಂದೇ ಗಡಿಗೆಯ ಹೊಟ್ಟೆ, ಕುತ್ತಿಗೆ ಅಳೆಯುವುದನ್ನು ನೋಡಿ ಬೀಡಿಯನ್ನೇ ಮರೆತರು.

“ಏನ್ ಮಗಳೇ, ಗಡಿಗೆಗೆ ಜಂಪರ್ ಹೊಲಿಸ್ತೀಯೇನು?”

“ಇಲ್ಲ ಚಾಚಾ. ಪ್ರಯೋಗ ಮಾಡಾಕೆ. ಈ ಮಣ್ಣು ಎಲ್ಲಿದು?”

“ಮಣ್ಣು ಭೂಮೀದು. ನಲ್ಲಿ ಹಾಕಿದ್ದು ತಗೋ, ಈಗ ಎಲ್ರೂ ಅದನ್ನೇ ಕೇಳಾದು.”

“ನಲ್ಲಿ ಬೇಡ. ನಂಗೆ ಸರಿಯಾಗಿ ಗೊತ್ತಾಗಬೇಕು, ಮಣ್ಣು ಎಲ್ಲಿಂದ ತಂದಿದ್ದು?”

ಅವರು ನನ್ನ ಕಡೆ ತಿರುಗಿ, “ಇವಳನ್ನ ನೋಡಾಕೆ ಬಂದ ಗಂಡಿನ ಕಡೆಯೋರ ಗತಿ ಏನ್ರೀ ಅಮ್ಮಾ!” ಎಂದರು. ಆದರೂ ಮಣ್ಣು ಯಾವ ಕೆರೆಯದು, ಎಷ್ಟು ಪಾಲು ಮರಳು ಬೆರೆಸುತ್ತಾರೆ, ಎಷ್ಟು ದಿನ ಒಣಗಿಸುತ್ತಾರೆ ಎಂದು ಎಲ್ಲವನ್ನೂ ನಿಧಾನವಾಗಿ ಹೇಳಿ ಬರೆಸಿದರು. ಬಸ್ಸಿನಲ್ಲಿ ಗಡಿಗೆಯನ್ನು ಸೆರಗಿನ ಸಿಂಬೆಯ ಮೇಲೆ ತೊಡೆಯಲ್ಲಿಟ್ಟುಕೊಂಡು ಕುಳಿತೆ. “ಕೂಸಿಗೆ ಟಿಕೆಟ್ ಬ್ಯಾಡ ಬಿಡ್ರೀ” ಎಂದು ಕಂಡಕ್ಟರ್ ಮುಂದೆ ಹೋದ.

ಹಿತ್ತಲ ಜಗುಲಿಯ ನೆರಳಿನಲ್ಲಿ ಇಟ್ಟಿಗೆಗಳ ಮೇಲೆ ನಾಲ್ಕೂ ಗಡಿಗೆ ಸಾಲಾಗಿ ಕುಳಿತವು. ಒಂದೊಂದಕ್ಕೂ ಊರಿನ ಹೆಸರಿನ ಚೀಟಿ. ಬೆಳಿಗ್ಗೆ ಏಳು, ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕು ಗಂಟೆಗೆ ನೀರಿನ ಉಷ್ಣತೆ ನೋಡಿ ಬರೆಯಬೇಕು. ಸಂಜೆ ಗಿರಣಿಯ ತಕ್ಕಡಿಯಲ್ಲಿಟ್ಟು ತೂಗಿ, ಎಷ್ಟು ನೀರು ಹೋಯಿತು ಎಂದು ನೋಡಬೇಕು. ಮೊದಲ ಐದು ದಿನ ಅವಳು ತಪ್ಪದೆ ಬರೆದಳು. ಊಟಕ್ಕೆ ಕೂತವಳು ಗಡಿಯಾರ ನೋಡಿ ಎಂಜಲು ಕೈಯಲ್ಲೇ ಓಡಿದ್ದೂ ಉಂಟು.

ಆರನೆಯ ದಿನ ಹಳೆಯ ಗೆಳತಿಯ ಅಕ್ಕನ ಮದುವೆ, ಕೆರೆಬಿಳಚಿಯಲ್ಲಿ. “ಅಮ್ಮ, ಹನ್ನೆರಡು ಗಂಟೇದೂ ನಾಲ್ಕು ಗಂಟೇದೂ ನೀನೇ ನೋಡಿ ಬರಿ” ಎಂದು ಥರ್ಮಾಮೀಟರನ್ನು ನನ್ನ ಕೈಗೆ ಕೊಟ್ಟು ಹೋದಳು. ಹನ್ನೆರಡಕ್ಕೆ ನೋಡಿದೆ, ಬರೆದೆ. ಆಗ ಹೊನ್ನಾಳಿ ಮತ್ತು ನ್ಯಾಮತಿಯ ಗಡಿಗೆಗಳ ಕೆಳಗೆ ಇಟ್ಟಿಗೆ ತೊಯ್ದು, ಜಗುಲಿಯ ಮೇಲೆ ನೀರು ಹರಿದಿದ್ದು ಕಂಡಿತು. ನಾನು ನೀರಿಗೆ ಬರವಿರುವ ಜಗಳೂರಿನಲ್ಲಿ ಬೆಳೆದವಳು. ನಮ್ಮಲ್ಲಿ ಕೊಡ ತುಳುಕಿದರೂ ಹಿರಿಯರು ತಿರುಗಿ ನೋಡುತ್ತಿದ್ದರು. ಗಡಿಗೆ ಜಿನುಗಿದರೆ ನನ್ನ ತಾಯಿ ಮಾಡುತ್ತಿದ್ದುದು ಒಂದೇ ಕೆಲಸ: ಅದಕ್ಕೆ ಗಂಜಿ ಕುಡಿಸುವುದು. ರಾಗಿ ಹಿಟ್ಟಿನ ಬಿಸಿ ಗಂಜಿಯನ್ನು ಗಡಿಗೆಯೊಳಗೆ ಹುಯ್ದು, ಸುತ್ತಲೂ ತಿರುಗಿಸಿ, ಒಣಗಲು ಬಿಟ್ಟು ತೊಳೆದರೆ ಸಣ್ಣ ತೂತುಗಳೆಲ್ಲ ಮುಚ್ಚಿಕೊಳ್ಳುತ್ತವೆ.

ಆವಿಯಾಗುವ ನೀರೇ ಗಡಿಗೆಯನ್ನು ತಂಪು ಮಾಡುತ್ತದೆ ಎಂದು ಮಗಳು ಹೇಳಿದ್ದಳು, ಹೇಳಲಿಲ್ಲ ಎನ್ನಲಾರೆ. ಆದರೆ ಆವಿ ಬೇರೆ, ಸೋರುವುದು ಬೇರೆ ಎಂಬುದು ನನ್ನ ಎಣಿಕೆ. ಎರಡಕ್ಕೂ ಗಂಜಿ ಕುಡಿಸಿದೆ, ಬಿಸಿಲಿಗಿಟ್ಟೆ, ತೊಳೆದೆ, ಅವಳದೇ ಅಳತೆಯ ಪಾತ್ರೆಯಲ್ಲಿ ನೀರು ತುಂಬಿ ಚೀಟಿ ಬಿದ್ದುಹೋಗದಂತೆ ಜಾಗಕ್ಕಿಟ್ಟೆ. ನಾಲ್ಕಕ್ಕೂ ನೋಡಿ ಬರೆದೆ. ಮಗಳಿಗೆ ಉಪಕಾರ ಮಾಡಿದೆನೆಂದು ಹಿಗ್ಗಿದೆ.

ಸಂಜೆ ಬಂದವಳು ಮದುವೆಗೆ ಉಟ್ಟ ಸೀರೆಯಲ್ಲೇ ಜಗುಲಿಗೆ ಹೋದಳು. “ಅಮ್ಮ, ಹೊನ್ನಾಳಿದು ಇವತ್ತು ಬೆವತೇ ಇಲ್ವಲ್ಲ?”

“ಸೋರ್ತಿತ್ತು. ನಾನೇ ಗಂಜಿ ಕುಡಿಸಿ ನಿಲ್ಲಿಸಿದೆ. ನ್ಯಾಮತೀದಕ್ಕೂ.”

ಅವಳು ಗಡಿಗೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತಳು. ಆಮೇಲೆ ಮೆಲ್ಲಗೆ, “ಹೋಯ್ತು ಬಿಡಮ್ಮ. ತೂತು ಮುಚ್ಚಿದ ಮೇಲೆ ಇನ್ನೇನು ಅಳೆಯಾದು? ಇಲ್ಲೇ ಪಿಯುಸಿ ಸೇರ್ತೀನಿ” ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ದನಿಯಲ್ಲಿ ದುಃಖದ ಜೊತೆ ಒಂದಿಷ್ಟು ಹಗುರವೂ ಇತ್ತು. ನನ್ನೊಳಗೂ ಅದೇ ಹಗುರ ಒಂದು ಗಳಿಗೆ ಹಾದುಹೋಯಿತು. ಅದಕ್ಕೆ ನನಗೆ ಇಂದಿಗೂ ನಾಚಿಕೆ.

ವಿಷಯ ಕೇಳಿ ಅವರಪ್ಪ ಪರಿಹಾರ ಹುಡುಕಿದರು. “ಅಷ್ಟಕ್ಕೆ ಯಾಕೆ ಮಖ ಸಣ್ಣ ಮಾಡ್ಕಂತೀಯ? ಐದು ದಿನದ್ದು ಐತಲ್ಲ. ಹತ್ತಿರ ಹತ್ತಿರ ಅದೇ ಸಂಖ್ಯೆ ಬರ್ತಾವೆ. ಮಿಕ್ಕಿದ್ದನ್ನ ಅಂದಾಜಿಗೆ ಬರಕ. ಯಾರು ಬಂದು ನೋಡ್ತಾರೆ?”

ಮಗಳು ಸಿಡಿದಳು. “ಅಂದಾಜಿಗೆ ಬರೆಯಾದಾ? ನಾನು ನೋಡ್ದೇ ಇರೋ ಸಂಖ್ಯೆ ನಾನು ಹೆಂಗಪ್ಪಾ ಬರೀಲಿ? ಗಿರಣೀಲಿ ತೂಕ ಅಂದಾಜಿಗೆ ಹೇಳ್ತೀಯಾ ನೀನು?”

“ಏಯ್, ತೂಕದ ಮಾತು ಬೇರೆ…”

“ಹೆಂಗೆ ಬೇರೆ? ಹೇಳು!”

ಅವರು ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, “ಇಷ್ಟು ಜಗಳ ಆಡಾಕೆ ಬರ್ತೈತೆ ಅಂದ್ಮೇಲೆ ಇವಳಿಗೆ ಓದಾಕೆ ಏನು ಧಾಡಿ? ನಿಮ್ ಮೇಷ್ಟ್ರಿಗೆ ಫೋನ್ ಮಾಡಿ ನಿಮ್ಮವ್ವ ಮಾಡಿದ್ದು ಹೇಳೇ” ಎಂದರು.

ಮರುದಿನ ಬೆಳಿಗ್ಗೆ ಫೋನ್ ಮಾಡಿದಳು. ಆಚೆಯವರು ಏನೆಂದರೋ ನನಗೆ ಕೇಳಿಸಲಿಲ್ಲ. ಇವಳು “ಹೌದು ಸರ್, ರಾಗಿ… ಹೌದು, ತಿನ್ನೋ ರಾಗಿ” ಎನ್ನುತ್ತಿದ್ದಳು. ಫೋನ್ ಇಟ್ಟ ಮೇಲೆ ತಿಳಿಸಿದಳು: ಬರೆದ ಸಂಖ್ಯೆ ಒಂದನ್ನೂ ಹೊಡೆದು ಹಾಕಬಾರದು, ನಡೆದದ್ದನ್ನು ನಡೆದಂತೆ ಬರೆಯಬೇಕು. ನಾಲ್ಕು ಊರಿನ ಹೋಲಿಕೆ ಬಿಟ್ಟುಬಿಡಬಹುದು. ಎರಡು ಗಡಿಗೆಗೆ ಗಂಜಿಯ ಮುಂಚಿನ ಸಂಖ್ಯೆ ಇದೆ, ಇನ್ನು ನಂತರದ್ದೂ ಬರುತ್ತದೆ. ಗಂಜಿ ಕುಡಿಯದ ಎರಡು ಪಕ್ಕದಲ್ಲೇ ಇವೆ. ಗಂಜಿ ಏನು ಮಾಡುತ್ತದೆ ಎಂಬುದೇ ಪ್ರಶ್ನೆಯಾಗಲಿ. ಆದರೆ ಇದು ಸುಲಭವಲ್ಲ, ಹವೆ ಬದಲಾಗುವುದಕ್ಕೂ ಲೆಕ್ಕ ಕೊಡಬೇಕು, ಅಂಕ ಹೆಚ್ಚು ಬರುತ್ತದೆಂದು ನಂಬಬೇಡ ಎಂದೂ ಅವರು ಹೇಳಿದ್ದರಂತೆ.

ಅಂದಿನಿಂದ ನನ್ನ ವಿಚಾರಣೆ ಶುರುವಾಯಿತು. ಅವಳು ಪುಸ್ತಕ ಹಿಡಿದು ಅಡುಗೆಮನೆಯ ಬಾಗಿಲಿಗೆ ಕೂತಳು.

“ಎಷ್ಟು ಹಿಟ್ಟು ಹಾಕಿದೆ?”

“ಒಂದು ಮುಷ್ಟಿ.”

“ಮುಷ್ಟಿ ಅಂದ್ರೆ ಎಷ್ಟು?”

“ನನ್ ಮುಷ್ಟಿ ಕಣೇ.”

ನನ್ನನ್ನು ಗಿರಣಿಗೆ ಎಳೆದುಕೊಂಡು ಹೋಗಿ ಐದು ಸಲ ಮುಷ್ಟಿ ಹಿಟ್ಟು ಹಾಕಿಸಿ ತೂಗಿದಳು. ಐದೂ ಬೇರೆ ಬೇರೆ ತೂಕ. ಸರದಿಗೆ ಕೂತಿದ್ದವರು ನಕ್ಕರು. “ಅಮ್ಮನ ಕೈ ಅಳತೇನ ಹಿಂಗೆ ಬೀದೀಲಿ ತೂಗಬ್ಯಾಡವ್ವಾ, ಮರ್ವಾದಿ ಹೋಗ್ತೈತೆ!” ಮಗಳು ನಗದೆ ಐದನ್ನೂ ಬರೆದುಕೊಂಡಳು. ಗಂಜಿ ಎಷ್ಟು ಹೊತ್ತು ಒಳಗಿತ್ತು, ಬಿಸಿಲಿಗೆ ಎಷ್ಟು ಹೊತ್ತು ಇಟ್ಟೆ, ಎಷ್ಟು ಸಲ ತೊಳೆದೆ ಎಂದು ಕೇಳಿದಳು. ಸಾರು ಎರಡು ಕುದಿ ಬರುವಷ್ಟು ಹೊತ್ತು ಎಂದೆ. ಅದಕ್ಕೂ ಗಡಿಯಾರ ಹಿಡಿದಳು.

ಗಂಜಿ ಕುಡಿದ ಗಡಿಗೆಗಳ ನೀರು ಮೊದಲಿನಷ್ಟು ತಣ್ಣಗಾಗುತ್ತಿರಲಿಲ್ಲ. ಹಾಗಾದರೆ ನನ್ನ ತವರಿನಲ್ಲಿ ಇಷ್ಟು ವರ್ಷ ನೀರು ಉಳಿಸಿ ತಂಪು ಕಳೆದುಕೊಂಡೆವೇ? ಅತ್ತೆ ಮಾತ್ರ ಒಪ್ಪಲಿಲ್ಲ. “ಆ ಗಾಜಿನ ಕಡ್ಡಿಗೆ ನಾಲಿಗೆ ಐತಾ?” ಎಂದರು. ಮಗಳು ಅವರ ಕಣ್ಣು ಮುಚ್ಚಿಸಿ ನಾಲ್ಕು ಲೋಟ ಕುಡಿಸಿದಳು. ಒಂದನ್ನು ಚಪ್ಪರಿಸಿ, “ಇದು ನೋಡು ತಣ್ಣಗಿರಾದು, ಇದೇ ನಿಮ್ಮವ್ವನ ಗಂಜಿ ಗಡಿಗೇದು” ಎಂದರು. ಅದು ಗಂಜಿ ಕಾಣದ ಜಗಳೂರಿನದು. ಅವರಿಗೆ ಯಾರೂ ಹೇಳಲಿಲ್ಲ.

ಗಂಜಿಯ ನಂತರ ಹತ್ತು ದಿನದ ಸಂಖ್ಯೆ ಬೇಕಿತ್ತು. ಆರು ದಿನ ಆಗುವಷ್ಟರಲ್ಲಿ ಶಾಲೆ ತೆರೆಯುವ ಹೊತ್ತಾಯಿತು. ಆ ದಿನ ಊಟಕ್ಕೆ ಕೂತಾಗ ಅವರಪ್ಪ, “ಕಾಲೇಜಿಂದ ಅರ್ಜಿ ತರ್ಲಾ, ಬ್ಯಾಡ್ವಾ?” ಎಂದು ತಟ್ಟೆ ನೋಡಿಕೊಂಡೇ ಕೇಳಿದರು.

“ಬ್ಯಾಡಪ್ಪಾ” ಎಂದಳು. “ಆದ್ರೆ ಇನ್ನು ನಾಲ್ಕು ದಿನ ಯಾರು ನೋಡ್ತಾರೆ?”

ಮೂವರೂ ನನ್ನತ್ತ ತಿರುಗಿದರು. ಗಡಿಗೆ ಕೆಡಿಸಿದವಳ ಕೈಗೇ ಗಡಿಗೆ ಬಂತು. ಅಮ್ಮ ನೋಡಿ ಬರೆದದ್ದು ಎಂದು ಪ್ರಬಂಧದಲ್ಲಿ ಸ್ಪಷ್ಟವಾಗಿ ಹೇಳಿದರೆ ಆದೀತು ಎಂದು ಮೇಷ್ಟರೂ ಒಪ್ಪಿದರು. ಬಸ್ಸು ಹೊರಡುವಾಗ ಅವಳು ಅಳಲಿಲ್ಲ. ಕಿಟಕಿಯಿಂದ ಬಗ್ಗಿ, “ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಮ್ಮ, ಮೇಲಿಂದ ನೋಡಬ್ಯಾಡ” ಎಂದಳು. ನಾನು ಅತ್ತದ್ದು ಮನೆಗೆ ಬಂದು, ಹನ್ನೆರಡು ಗಂಟೆಯದನ್ನು ಬರೆದ ಮೇಲೆ.

ಮೂರು ದಿನ ಗಳಿಗೆ ತಪ್ಪದೆ ನೋಡಿದೆ. ಪ್ರತಿ ಸಲ ಹಾಳೆಯ ಫೋಟೋ ತೆಗೆದು ಕಳಿಸಿದೆ. ನಾಲ್ಕನೆಯ ದಿನ ಬೆಳಗಿನಿಂದ ಕರೆಂಟಿರಲಿಲ್ಲ. ಸಂಜೆ ನಾಲ್ಕರ ಸುಮಾರಿಗೆ ಒಮ್ಮೆಲೇ ಬಂತು. ಗಿರಣಿಯ ಮುಂದೆ ನೂಕುನುಗ್ಗಲು, ಇವರೊಬ್ಬರ ಕೈಲಾಗದೆ ನಾನೂ ಹೋಗಿ ಚೀಲ ಹಿಡಿದೆ. ನೆನಪಾದಾಗ ಐದೂವರೆ.

ಓಡಿಹೋಗಿ ಹಾಳೆ ತೆಗೆದೆ. ಹಿಂದಿನ ಮೂರು ದಿನದ ನಾಲ್ಕು ಗಂಟೆಯ ಸಂಖ್ಯೆಗಳು ಕಣ್ಣೆದುರಿಗೇ ಇದ್ದವು, ಹೆಚ್ಚುಕಡಿಮೆ ಒಂದೇ. ಹಿಂದೆಯೇ ಬಂದ ನಮ್ಮವರು ಹೆಗಲ ಮೇಲಿಂದ ಬಗ್ಗಿ ನೋಡಿ, “ನಿನ್ನೇದೇ…” ಎಂದು ಬಾಯಿ ತೆಗೆದರು. ಅಲ್ಲಿಗೇ ನಿಲ್ಲಿಸಿ, ತಲೆಯ ಹಿಟ್ಟು ಕೊಡವಿಕೊಳ್ಳುತ್ತ ಹೊರಟುಹೋದರು.

ನಾಲ್ಕು ಗಂಟೆಯ ಚೌಕದಲ್ಲಿ ‘ಮರೆತೆ’ ಎಂದು ಬರೆದೆ. ಪಕ್ಕದಲ್ಲಿ ಐದೂವರೆಗೆ ನೋಡಿದ್ದನ್ನು ಬರೆದು ಕಳಿಸಿದೆ. ಬೈಯುತ್ತಾಳೆಂದು ಕಾಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: “ಯಾಕೆ ಮರೆತೆ ಅಂತಾನೂ ಬರಿ ಅಮ್ಮ.”

ಹಾಳೆಯನ್ನು ಮತ್ತೆ ತೆಗೆದು, ಜಾಗ ಸಾಲದೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದೆ: ಕರೆಂಟು ಬಂತು. ಹನ್ನೊಂದು ಜನ ಹಿಟ್ಟಿಗೆ ಕಾಯುತ್ತಿದ್ದರು.