ಬಾವಿಯೊಳಗಿನ ಶಿಳ್ಳೆ

ಸೈರನ್ ಸದ್ದು ಕೇಳಿದರೆ ನನಗೆ ಹೆದರಿಕೆಯಾಗುತ್ತದೆ. ಇದರಲ್ಲೇನು ವಿಶೇಷ, ಎಲ್ಲರಿಗೂ ಆಗುತ್ತದಲ್ಲ ಎನ್ನುತ್ತೀರಿ. ವಿಶೇಷ ಏನೆಂದರೆ, ಆ ಸೈರನ್ ಹಾಕಿಕೊಂಡು ಓಡುವ ಆಂಬುಲೆನ್ಸಿನೊಳಗೆ ಕೂತಿರುವವಳೇ ನಾನು. ಅರಸೀಕೆರೆಯಲ್ಲಿ ಆಂಬುಲೆನ್ಸ್ ನರ್ಸ್. ರಸ್ತೆ ಬದಿಯ ಜನ ದಾರಿ ಬಿಟ್ಟು, ಎದೆ ಮೇಲೆ ಕೈಯಿಟ್ಟು, 'ಯಾರಿಗೇನಾಯ್ತೋ ಪಾಪ' ಅಂದುಕೊಳ್ಳುತ್ತಾರಲ್ಲ, ಗಾಡಿಯೊಳಗೆ ನಾನೂ ಅದನ್ನೇ ಅಂದುಕೊಳ್ಳುತ್ತಿರುತ್ತೇನೆ. ಅವರಿಗೆ ಗಾಡಿ ದಾಟಿದ ಮೇಲೆ ಮರೆತುಹೋಗುವ ಅನುಕೂಲವಿದೆ. ನನಗೆ ಗಾಡಿ ನಿಂತ ಮೇಲೆ ಬಾಗಿಲು ತೆಗೆಯುವ ಕೆಲಸವಿದೆ.

ನಮ್ಮ ಅತ್ತೆಗೆ ಇದು ಗೊತ್ತಿಲ್ಲ. ಯಾರದೇ ಮದುವೆಗೆ ಹೋಗಲಿ, 'ನಮ್ಮ ಸೊಸೆಗೆ ರಕ್ತ ಅಂದ್ರೆ ನೀರಿದ್ದಂಗೆ ಕಣ್ರೀ' ಎಂದು ಪಕ್ಕದ ಎಲೆಯವರಿಗೆಲ್ಲ ಹೇಳುತ್ತಾರೆ. ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತೇನೆ. ಅದೇ ಸೊಸೆ ಬಚ್ಚಲಿನಲ್ಲಿ ಜಿರಳೆ ಕಂಡರೆ ಗಂಡನನ್ನು ಕೂಗುವುದನ್ನು ಅವರು ಯಾರಿಗೂ ಹೇಳುವುದಿಲ್ಲ. ಮನೆತನದ ಮರ್ಯಾದೆಯ ಪ್ರಶ್ನೆ.

ನಮ್ಮ ಗಾಡಿ ನಿಲ್ಲುವುದು ಅಗ್ನಿಶಾಮಕ ಠಾಣೆಯ ಪಕ್ಕದ ಹೊಂಗೆ ಮರದ ಕೆಳಗೆ. ಹೀಗಾಗಿ ನನ್ನ ಸಹವಾಸವೆಲ್ಲ ಬೆಂಕಿ ಆರಿಸುವವರ ಜೊತೆ. ಕರೆ ಇಲ್ಲದ ಹೊತ್ತಿನಲ್ಲಿ ನಮ್ಮನ್ನು ನೋಡಿದವರು ಇವರು ಜೀವ ಉಳಿಸುವವರೆಂದು ಖಂಡಿತ ನಂಬುವುದಿಲ್ಲ. ಉಪ್ಪಿಟ್ಟಿಗೆ ನಿಂಬೆಹಣ್ಣು ಹಿಂಡಬೇಕೋ ಬೇಡವೋ ಎಂದು ಅರ್ಧ ಬೆಳಗು ಜಗಳ ನಡೆಯುತ್ತದೆ. ಠಾಣೆಯ ಸಾಹೇಬರು ನಿವೃತ್ತಿಗೆ ಹತ್ತಿರವಾದ ದಪ್ಪ ಮೀಸೆಯ ಮನುಷ್ಯ. ಉರಿಯುವ ಹುಲ್ಲಿನ ಬಣವೆಗೆ ನುಗ್ಗಿದವರು, ನಾನು ಟಿಟಿ ಇಂಜೆಕ್ಷನ್ ಕೊಡುವಾಗ ಕಣ್ಣು ಮುಚ್ಚಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದರು. ನಮ್ಮ ಆಂಬುಲೆನ್ಸ್ ಓಡಿಸುವ ರುದ್ರಣ್ಣನನ್ನು ನಮ್ಮಲ್ಲಿ 'ಪೈಲಟ್' ಎಂದು ಕರೆಯುವ ರೂಢಿ. ತೆಂಗಿನ ತೋಟದ ನಡುವಿನ ಗುಂಡಿ ದಾರಿಯಲ್ಲಿ ಅವನ ಪಕ್ಕ ಕೂತವರಿಗೆ ಆ ಹೆಸರು ಸುಮ್ಮನೆ ಬಂದಿಲ್ಲ ಎನ್ನುವುದು ತಿಳಿಯುತ್ತದೆ. ಇನ್ನು ಲೋಕೇಶ. ಠಾಣೆಯ ಫೈರ್‌ಮನ್, ಮೂವತ್ತು ದಾಟಿದವನು, ನನ್ನನ್ನು ಅಕ್ಕ ಎನ್ನುತ್ತಾನೆ. ಅವನ ಹೆಂಡತಿ ಪವಿತ್ರಳ ಬಾಣಂತನದಲ್ಲಿ ನಾನೇ ಓಡಾಡಿದ್ದರಿಂದ ಅವಳೂ ಅಕ್ಕ ಎನ್ನುತ್ತಾಳೆ. ಗಂಡ ಫೋನ್ ಎತ್ತದಿದ್ದರೆ ಅವಳು ನನಗೆ ಮಾಡುತ್ತಾಳೆ. ಅವನು ಫೋನ್ ಎತ್ತುವುದು ಅಪರೂಪ.

ಇವರನ್ನೆಲ್ಲ ನೋಡಿ, ಹೆದರುವವಳು ನಾನೊಬ್ಬಳೇ ಎಂದು ಬಹಳ ದಿನ ಅಂದುಕೊಂಡಿದ್ದೆ. ಅರಸೀಕೆರೆಗೆ ಬರುವ ಮೊದಲು ನಾನು ಬೇಲೂರಿನ ಕಡೆ ಕೆಲಸದಲ್ಲಿದ್ದೆ. ಬಿಕ್ಕೋಡಿನ ಕಾಫಿ ತೋಟಗಳ ತಿರುವಿನಲ್ಲಿ ಹೆರಿಗೆ ನೋವಿನ ಹೆಂಗಸರನ್ನು ಕರೆತರುವುದು, ಹಳೇಬೀಡಿನಲ್ಲಿ ಬಿಸಿಲಿಗೆ ತಲೆಸುತ್ತಿ ಬಿದ್ದ ಪ್ರವಾಸಿಗರನ್ನು ಎತ್ತಿ ಕೂರಿಸುವುದು ನಮ್ಮ ಪಾಡು. ಬಿಡುವಾದಾಗ ಬೇಲೂರಿನ ಗುಡಿಗೆ ಹೋಗಿ ಬಾಗಿಲ ಪಕ್ಕದ ಆ ಶಿಲ್ಪದ ಮುಂದೆ ನಿಲ್ಲುತ್ತಿದ್ದೆ. ಮೈಮೇಲೆ ಬಿದ್ದ ಮೃಗವನ್ನು ಒಬ್ಬ ವೀರ ಇರಿಯುತ್ತಿದ್ದಾನಲ್ಲ, ಅದು. ಗುರುಗಳು 'ಹೊಯ್' ಎಂದು ಕೂಗಿದರಂತೆ, ಇವನು ಹೊಡೆದನಂತೆ, ಅದರಿಂದಲೇ ಒಂದು ರಾಜವಂಶಕ್ಕೆ ಹೆಸರು ಬಂತಂತೆ. ನನ್ನ ಪ್ರಕಾರ ಈ ಸೀಮೆಯ ಮೊದಲ ತುರ್ತು ಕರೆ ಅದೇ. ಅವನಿಗೆ ವಿಳಾಸ ಹುಡುಕುವ ಕಷ್ಟವಿರಲಿಲ್ಲ, ಅಷ್ಟೇ. ನಾನು ಆ ಮುಖದಲ್ಲಿ ಹೆದರಿಕೆಯನ್ನು ಹುಡುಕುತ್ತಿದ್ದೆ. ಕೈಬಳೆಯ ಒಂದೊಂದು ಮಣಿಯನ್ನೂ ಬಿಡಿಸಿದ ಶಿಲ್ಪಿ ಹಣೆಯ ಮೇಲೆ ಒಂದು ಹನಿ ಬೆವರನ್ನೂ ಕೆತ್ತಿಲ್ಲ. ಮದುವೆಯ ಫೋಟೋಗೆ ನಿಂತ ವರನ ಹಾಗಿದ್ದಾನೆ. ಅಷ್ಟು ಹತ್ತಿರದಿಂದ ಆ ಮೃಗದ ಬಿಸಿಯುಸಿರು ತಾಗಿದರೂ ಹಾಗಿರಲು ಸಾಧ್ಯವೇ ಎಂದು ಯಾರನ್ನಾದರೂ ಕೇಳಬೇಕೆನ್ನಿಸುತ್ತಿತ್ತು. ಗೈಡುಗಳನ್ನು ಕೇಳುವ ಧೈರ್ಯ ಬರಲಿಲ್ಲ.

ಈ ಬೇಸಿಗೆಯ ಒಂದು ಮಧ್ಯಾಹ್ನ ಬಾಣಾವರದ ಕಡೆಯಿಂದ ಕರೆ ಬಂತು. ತೋಟದ ಬಾವಿಗೆ ಇಳಿದವನು ಮೇಲೆ ಬಂದಿಲ್ಲ. ಅಗ್ನಿಶಾಮಕದ ಗಾಡಿ ಮುಂದೆ, ನಾವು ಹಿಂದೆ.

ಹೋಗಿ ನೋಡಿದರೆ ಬಾವಿಯ ಸುತ್ತ ಊರೇ ನೆರೆದಿತ್ತು. ಕಲ್ಲು ಕಟ್ಟಿದ ಹಳೆಯ ಆಳದ ಬಾವಿ. ಹೂಳು ತೆಗೆಸಲೆಂದು, ತಳದ ಕೆಸರು ನೀರನ್ನು ಹೊರಹಾಕಲು ಡೀಸೆಲ್ ಇಂಜಿನ್ನನ್ನು ಬಾವಿಯೊಳಗೇ ಒಂದು ಚಾಚುಗಲ್ಲಿನ ಮೇಲೆ ಇಳಿಸಿ ಓಡಿಸಿದ್ದರು. ಅದರ ಹೊಗೆ ಮೇಲೆ ಬರಲು ದಾರಿಯಿಲ್ಲದೆ ಬಾವಿಯಲ್ಲೇ ತುಂಬಿಕೊಂಡಿತ್ತು. ಇಂಜಿನ್ ಕೆಮ್ಮಿ ನಿಂತಿತು, ಯಾಕೆ ನಿಂತಿತು ಎಂದು ನೋಡಲು ತೋಟದ ಯಜಮಾನ ಶಿವಣ್ಣ ಇಳಿದ. ಇಂಜಿನ್ ಪಕ್ಕದಲ್ಲೇ ಕುಸಿದು ಕೂತವನ ನೆತ್ತಿ ಮೇಲಿನಿಂದ ಕಾಣುತ್ತಿತ್ತು.

ಅವನ ಹೆಂಡತಿ ಜಯಮ್ಮ ಸೀರೆ ಎತ್ತಿ ಕಟ್ಟಿಕೊಂಡು ಬಾವಿಯ ಮೆಟ್ಟಿಲಿಗೆ ಕಾಲಿಟ್ಟಿದ್ದಳು. ಇಬ್ಬರು ಹೆಂಗಸರು ಅವಳ ತೋಳು ಹಿಡಿದೆಳೆಯುತ್ತಿದ್ದರು.

"ಬಿಡ್ರೇ ನನ್ನ! ಕಣ್ಮುಂದೆ ಐತೆ ಜೀವ, ಕೈ ಕೊಟ್ರೆ ಬತ್ತಾರೆ!"

ನಾನು ಹೋಗಿ ಅವಳನ್ನು ಹಿಂದಿನಿಂದ ಗಟ್ಟಿಯಾಗಿ ತಬ್ಬಿಕೊಂಡೆ. "ನೀವು ಇಳಿದ್ರೆ ನೀವೂ ಅಲ್ಲೇ ಕೂರ್ತೀರ ಕಣಮ್ಮ. ಒಳಗಿರೋದು ವಿಷದ ಗಾಳಿ. ಕಣ್ಣಿಗೆ ಕಾಣಲ್ಲ" ಎಂದೆ. ನನ್ನ ತೋಳಿನೊಳಗೆ ಅವಳ ಎದೆ ಬಡಿದುಕೊಳ್ಳುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು. ನನ್ನದು ಅವಳ ಬೆನ್ನಿಗೆ ಗೊತ್ತಾಗಿರಬೇಕು.

ಲೋಕೇಶ ಗಾಳಿಯ ಸಿಲಿಂಡರನ್ನು ಬೆನ್ನಿಗೇರಿಸಿ, ಮುಖಕ್ಕೆ ಮಾಸ್ಕ್ ಬಿಗಿದು, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡ. ಸಾಹೇಬರು ಗಂಟನ್ನು ಎಳೆದೆಳೆದು ನೋಡಿದರು. ಅವನು ಇಳಿದ. ಜನ ಬಾವಿಗೆ ಬಗ್ಗಿದರು, ಕೈಯಲ್ಲೆಲ್ಲ ಮೊಬೈಲುಗಳು. ಕೆಳಗೆ ಶಿವಣ್ಣನ ಕಂಕುಳಿಗೆ ಪಟ್ಟಿ ಸುತ್ತುವುದು ಸುಲಭವಾಗಿರಲಿಲ್ಲ. ದಪ್ಪ ಮೈ, ಇಕ್ಕಟ್ಟು ಜಾಗ, ಪಕ್ಕದಲ್ಲಿ ಕಾದ ಇಂಜಿನ್. ಕೊನೆಗೆ ಶಿವಣ್ಣನಿಗೆಂದು ಇಳಿಬಿಟ್ಟಿದ್ದ ಇನ್ನೊಂದು ಹಗ್ಗ ಜಗ್ಗಿತು. ಊರಿನ ಗಂಡಸರೆಲ್ಲ ಸೇರಿ ಎಳೆದು ಶಿವಣ್ಣನನ್ನು ಮೇಲೆ ತಂದು ನನ್ನ ಮುಂದೆ ಮಲಗಿಸಿದರು. ನಾಡಿ ಇತ್ತು, ಉಸಿರು ಇದೆಯೋ ಇಲ್ಲವೋ ಎನ್ನುವಂತಿತ್ತು. ನಾನು ಮಂಡಿಯೂರಿ ಮೂಗು ಬಾಯಿಗೆ ಮಾಸ್ಕ್ ಒತ್ತಿ, ಆಕ್ಸಿಜನ್ ಹಚ್ಚಿ, ಬಲೂನಿನಂಥ ಚೀಲವನ್ನು ಹಿಸುಕತೊಡಗಿದೆ. ಬಾವಿ ನನ್ನ ಬೆನ್ನ ಹಿಂದೆ ಉಳಿಯಿತು.

ಆಗ ಬಾವಿಯೊಳಗಿನಿಂದ ಶಿಳ್ಳೆ ಕೇಳಿಸಿತು.

ಜನ ಹೋ ಎಂದು ಚಪ್ಪಾಳೆ ತಟ್ಟಿದರು. "ಏನ್ಲಾ, ಗೆದ್ದೆ ಅಂತ ಶಿಳ್ಳೆ ಹಾಕ್ತಾವ್ನೆ ನೋಡ್ಲಾ!" ಎಂದು ಯಾರೋ ಕೂಗಿದರು. ಮತ್ಯಾರೋ ಮೇಲಿನಿಂದ ತಿರುಗಿ ಶಿಳ್ಳೆ ಹಾಕಿದರು.

ಅದು ಲೋಕೇಶ ಹಾಕಿದ ಶಿಳ್ಳೆಯಲ್ಲ. ಸಿಲಿಂಡರಿನಲ್ಲಿ ಗಾಳಿ ಮುಗಿಯುತ್ತ ಬಂದಾಗ ಅದು ತಾನಾಗಿಯೇ ಕೂಗುತ್ತದೆ. ಅಷ್ಟು ಜನರ ನಡುವೆ ಇದು ಗೊತ್ತಿದ್ದದ್ದು ಠಾಣೆಯವರಿಗೆ, ರುದ್ರಣ್ಣನಿಗೆ ಮತ್ತು ನನಗೆ. ಸುತ್ತ ಚಪ್ಪಾಳೆ, ನಡುವೆ ಆ ಸಣ್ಣ ಹರಿತವಾದ ಶಿಳ್ಳೆ. ನನ್ನ ಬದುಕಿನಲ್ಲಿ ಅಂಥ ಚಪ್ಪಾಳೆಯನ್ನು ನಾನು ಇನ್ನೊಮ್ಮೆ ಕೇಳಲಾರೆ.

"ಬಾರೋ ಲೋಕೇಶ, ಹತ್ತು!" ಸಾಹೇಬರ ದನಿ. ಆಮೇಲೆ, "ತಡಿ, ಎಳೀಬೇಡ್ರಿ! ಹಗ್ಗ ಇಂಜಿನ್ ಹ್ಯಾಂಡಲ್‌ಗೆ ಸಿಕ್ಕಾಕ್ಕೊಂಡೈತೆ. ಲೋಕೇಶ, ವಾಪಸ್ ಇಳಿದು ಬಿಡಿಸ್ಕೊ. ಗಾಬರಿ ಆಗ್ಬೇಡ. ನಾನಿಲ್ಲೇ ಇದೀನಿ."

ವಾಪಸ್ ಇಳಿಯಬೇಕು. ನಾನು ತಿರುಗಿ ನೋಡುವಂತಿರಲಿಲ್ಲ. ಕೈ ನಿಲ್ಲಿಸಿದರೆ ಶಿವಣ್ಣನ ಉಸಿರು ನಿಲ್ಲುತ್ತಿತ್ತು. ಹಿಸುಕು, ಬಿಡು. ಹಿಸುಕು, ಬಿಡು. ಜಯಮ್ಮ ಗಂಡನ ಅಂಗಾಲು ತಿಕ್ಕುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು, ಅಲ್ಲಿ ತನ್ನ ಗಂಡನ ಗತಿ ಬರೆದಿದೆಯೆಂಬಂತೆ. ನನ್ನ ಮುಖದಲ್ಲಿದ್ದದ್ದು ಇನ್ನೊಬ್ಬಳ ಗಂಡನ ಚಿಂತೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಅಷ್ಟರಲ್ಲಿ ನನ್ನ ಕೋಟಿನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ರುದ್ರಣ್ಣ ಅದನ್ನು ತೆಗೆದು ನೋಡಿದ. "ಪವಿತ್ರಮ್ಮ" ಎಂದ ಮೆಲ್ಲಗೆ. "ಎತ್ಲಾ?"

ನಾನು ತಲೆಯಾಡಿಸಿದೆ, ಬೇಡ. ಎತ್ತಿ ಏನು ಹೇಳುವುದು? ಫೋನ್ ನಿಂತಿತು. ಮತ್ತೆ ಬಂತು. ನಿಂತಿತು. ಮತ್ತೆ ಬಂತು.

ಶಿಳ್ಳೆಯ ದನಿ ಇಳಿಯುತ್ತ ಬಂತು. ತೆಳ್ಳಗಾಯಿತು. ನಿಂತೇಹೋಯಿತು.

ಶಿಳ್ಳೆ ನಿಲ್ಲುವುದಕ್ಕೆ ಕಾರಣ ಎರಡೇ. ಒಂದೋ ಅವನು ಮೇಲೆ ಬಂದು ಸಿಲಿಂಡರ್ ತಿರುಪಿ ಮುಚ್ಚಿದ್ದಾನೆ, ಇಲ್ಲವೇ ಗಾಳಿ ಮುಗಿದಿದೆ. ನಾನು ರುದ್ರಣ್ಣನ ಮುಖ ನೋಡಿದೆ. ಅವನಿಗೆ ಬಾವಿ ಕಾಣುತ್ತಿತ್ತು. ಅವನ ಬಾಯಿ ತೆರೆದೇ ಇತ್ತು, ಅದರಿಂದ ಏನೂ ತಿಳಿಯಲಿಲ್ಲ. ಚೀಲ ಹಿಸುಕುತ್ತಿದ್ದ ನನ್ನ ಕೈ ನನ್ನದಲ್ಲ ಎನ್ನಿಸಿತು. ನನಗೆ ಗೊತ್ತಿದ್ದ ದೇವರುಗಳ ಹೆಸರು ಒಂದೂ ನೆನಪಾಗಲಿಲ್ಲ.

"ನೀರು... ಯಾರಾದ್ರೂ ನೀರು ಕೊಡ್ರಪ್ಪಾ."

ಕೆಮ್ಮುತ್ತ ಬಂದ ಆ ದನಿ ಲೋಕೇಶನದು. ರುದ್ರಣ್ಣ ಬಾಯಿ ಮುಚ್ಚಿದ. ಆಮೇಲೆ, ಕೇಳದೆಯೇ, ಫೋನ್ ಒತ್ತಿ ನನ್ನ ಕಿವಿಗೆ ಹಿಡಿದ.

"ಅಕ್ಕ," ಪವಿತ್ರಳ ದನಿ ಒಣಗಿತ್ತು. "ಯಾರೋ ಗ್ರೂಪಿಗೆ ವಿಡಿಯೋ ಹಾಕವ್ರೆ. ಅದ್ರಲ್ಲಿ ಇಳಿಯೋದು ಮಾತ್ರ ಐತೆ."

"ಹತ್ತಿದಾನೆ ಕಣೇ," ಎಂದೆ. "ಮೇಲೆ ಬಂದಿದಾನೆ. ನೀರು ಕೇಳ್ತಿದಾನೆ."

ಅತ್ತ ಕಡೆಯಿಂದ ಮಗು ಅಳುವುದು ಕೇಳಿಸಿತು. ಅದರ ಜೊತೆ ಅವಳು ಅಳುವುದೂ.

ಆಸ್ಪತ್ರೆಯ ದಾರಿಯಲ್ಲಿ ಶಿವಣ್ಣನ ರೆಪ್ಪೆ ಅಲುಗಿತು. ಕಣ್ಣು ಬಿಟ್ಟವನು ಮೊದಲು ಕೇಳಿದ್ದು, "ಇಂಜಿನ್ ಸ್ಟಾರ್ಟ್ ಆಯ್ತಾ?" ಎಂದು. ಜಯಮ್ಮ ಹಣೆ ಚಚ್ಚಿಕೊಂಡು, "ನಿನ್ ಇಂಜಿನ್ ಮನೆ ಹಾಳಾಗ" ಎಂದು ಬೈದಳು. ಬೈದು ಮುಗಿಸುವ ಮೊದಲೇ ನನ್ನ ಭುಜದ ಮೇಲೆ ತಲೆಯಿಟ್ಟಳು. ಅರಸೀಕೆರೆಯಲ್ಲಿ ನೋಡಿ ಹಾಸನಕ್ಕೆ ಕಳಿಸಿದರು. ಬದುಕುತ್ತಾನೆ ಎಂದರು.

ಸಂಜೆ ಠಾಣೆಗೆ ಬಂದಾಗ ಲೋಕೇಶ ಮೆಟ್ಟಿಲ ಮೇಲೆ ಕೂತಿದ್ದ. ಚಹಾ ಬಂತು. ಅವನ ಕೈಯಲ್ಲಿ ಲೋಟ ನಡುಗಿ, ಚಹಾ ಬೆರಳ ಮೇಲೆ ಚೆಲ್ಲುತ್ತಿತ್ತು. ಸಾಹೇಬರು ಬಂದು ಆ ಲೋಟ ತೆಗೆದುಕೊಂಡು, ಅರ್ಧ ಚಹಾವನ್ನು ತಮ್ಮ ಲೋಟಕ್ಕೆ ಬಗ್ಗಿಸಿಕೊಂಡು, ಚೆಲ್ಲದಷ್ಟು ಉಳಿಸಿ ಅವನ ಕೈಗೆ ವಾಪಸ್ ಕೊಟ್ಟರು. ನಾನು ನರ್ಸಿಂಗ್ ಓದುವಾಗ ಎಷ್ಟೋ ಉಪಚಾರಗಳನ್ನು ಕಲಿತೆ. ಇದನ್ನು ಯಾರೂ ಕಲಿಸಿರಲಿಲ್ಲ.

"ಅಕ್ಕ, ನಂಗೆ ಬಾವಿ ಅಂದ್ರೆ ಆಗಲ್ಲ" ಎಂದ ಲೋಕೇಶ. "ಮೊದ್ಲಿಂದ್ಲೂ. ಬೆಂಕಿ ಆದ್ರೆ ಎದುರಿಗಿರುತ್ತೆ. ಬಾವಿ ಹಂಗಲ್ಲ. ಮೇಲಿನ ಬೆಳಕು ಚಿಕ್ಕದಾಗ್ತಾ ಹೋಗುತ್ತೆ."

"ಮತ್ತೆ ನೀನೇ ಯಾಕೋ ಇಳಿದೆ?"

"ಸಾಹೇಬ್ರು ಯಾರಿಳಿತೀರಿ ಅಂದಾಗ ನಾನೇ ಹತ್ರ ನಿಂತಿದ್ದೆ."

"ಸುಳ್ಳು" ಎಂದರು ಸಾಹೇಬರು ತಮ್ಮ ಲೋಟದೊಳಗೆ ನೋಡುತ್ತ. "ಎಲ್ಲರಿಗಿಂತ ಹಿಂದೆ ಗಾಡಿ ಹತ್ರ ನಿಂತಿದ್ದ. ಮುಂದಕ್ಕೆ ಬಂದ." ಮೀಸೆ ಒರೆಸಿಕೊಂಡು ಹೇಳಿದರು, "ಶಿಳ್ಳೆ ಶುರುವಾದಾಗ ನನ್ ಮಂಡಿ ನಿಲ್ತಿರಲಿಲ್ಲ ಸಿಸ್ಟರ್. ನಾನು ಹಗ್ಗ ಹಿಡ್ಕೊಂಡಿದ್ದೆ ಅಂತ ಜನ ಅನ್ಕೊಂಡ್ರು. ಹಗ್ಗಾನೇ ನನ್ನ ಹಿಡ್ಕೊಂಡಿತ್ತು."

ರುದ್ರಣ್ಣ ತಾನು ಆಸ್ಪತ್ರೆಯವರೆಗೆ ಯಾವ ರಸ್ತೆಯಲ್ಲಿ ಗಾಡಿ ಓಡಿಸಿದೆನೋ ನೆನಪೇ ಇಲ್ಲ ಎಂದ. ಆ ಮಾತನ್ನು ಅವನು ಇನ್ನೂ ಕೆಲವು ದಿನ ಬಿಟ್ಟು ಹೇಳಿದ್ದರೆ, ಮರುದಿನವೂ ಅವನ ಗಾಡಿಯಲ್ಲೇ ಕೂರಬೇಕಿದ್ದ ನನಗೆ ಒಳ್ಳೆಯದಿತ್ತು. ಆದರೆ ಅಂದು ಆ ಮೆಟ್ಟಿಲ ಮೇಲೆ ನನ್ನ ಎದೆ ಎಷ್ಟೋ ಹಗುರಾಯಿತು. ನಾನೊಬ್ಬಳೇ ಹೊತ್ತುಕೊಂಡಿದ್ದೇನೆ ಎಂದುಕೊಂಡಿದ್ದ ಹೆದರಿಕೆಯನ್ನು ಇವರೆಲ್ಲ ಆಗಿನಿಂದಲೂ ಒಂದೊಂದು ಕಡೆ ಹಿಡಿದುಕೊಂಡೇ ಇದ್ದರು. ಹೆದರಿಕೆ ಕಡಿಮೆಯಾಯಿತು ಎನ್ನಲಾರೆ. ಆದರೆ ಗಾಡಿ ಹತ್ತುವಾಗ ಪಕ್ಕದವರ ಮುಖ ನೋಡುತ್ತೇನೆ, ಅವರು ನನ್ನ ಮುಖ ನೋಡುತ್ತಾರೆ. ಅಷ್ಟಾದ ಮೇಲೆ ಕೈ ತನ್ನ ಕೆಲಸ ತಾನು ಮಾಡುತ್ತದೆ.

ಮಳೆ ಹಿಡಿಯುವ ಮುಂಚೆ ಶಿವಣ್ಣ, ಜಯಮ್ಮ ಠಾಣೆಗೆ ಬಂದರು. ತಮ್ಮ ತೋಟದ ಎಳನೀರು ತಂದಿದ್ದರು. ಶಿವಣ್ಣ ಸ್ವಲ್ಪ ಇಳಿದುಹೋಗಿದ್ದ, ಮಾತು ಮಾತ್ರ ಇಳಿದಿರಲಿಲ್ಲ. ತಾನೇ ಕಾಯಿ ಕೆತ್ತಿ ಎಲ್ಲರಿಗೂ ಕೊಡುತ್ತ ಬಂದು, ಲೋಕೇಶನ ಮುಂದೆ ನಿಂತ.

"ಅಣ್ಣಾ, ನಾನಂತೂ ಇನ್ಮೇಲೆ ಬಾವಿ ಬಗ್ಗಿ ನೋಡಾಕಿಲ್ಲ. ಕನಸಲ್ ಬಂದ್ರೂ ಬೆವೆತುಕತ್ತೀನಿ. ನೀವು ಎಂಗಣ್ಣ ಇಳಿದ್ರಿ ಅಂಥಾದ್ರೊಳಗೆ?"

"ನಂಗೂ ಹಂಗೇ ಕಣಣ್ಣ, ಬಾವಿ ಅಂದ್ರೆ ಕೈಕಾಲು ನಡುಗ್ತವೆ" ಎಂದ ಲೋಕೇಶ.

ಶಿವಣ್ಣ ಗಹಗಹಿಸಿ ನಕ್ಕ. "ನೋಡೇ, ಎಷ್ಟು ತಮಾಷೆ ಮಾಡ್ತಾರೆ ಇವ್ರು!" ಎಂದು ಹೆಂಡತಿಯ ಕಡೆ ತಿರುಗಿದ. ಜಯಮ್ಮನೂ ಸೆರಗು ಬಾಯಿಗಿಟ್ಟು ನಕ್ಕಳು. ಅವರು ನಗುವುದನ್ನು ನೋಡಿ ನಾವೂ ನಕ್ಕೆವು. ಯಾರೂ ತಿದ್ದಲು ಹೋಗಲಿಲ್ಲ. ನಮ್ಮಂಥವರ ನಿಜಗಳಲ್ಲಿ ಕೆಲವನ್ನು ಜನ ತಮಾಷೆಯೆಂದು ತಿಳಿದುಕೊಂಡಿರುವುದೇ ವಾಸಿ. ಅವರು ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ, ನಾವು ನೆಮ್ಮದಿಯಾಗಿ ಎಳನೀರು ಕುಡಿಯುತ್ತೇವೆ.