ಜೇನು ಬಣ್ಣದ ಬೆಳ್ಳಿ ನೀರು

ಕಾಲೇಜಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಉಫ್ ಮಾವ ಎಂದೇ. ಬೆಂಕಿಯ ಮುಂದೆ ಕೂತು, ಕೆನ್ನೆ ಉಬ್ಬಿಸಿ, ಗಾಜನ್ನು ಊದಿ ಪ್ರಯೋಗಾಲಯಕ್ಕೆ ಬೇಕಾದ ಬುರುಡೆ, ನಳಿಗೆಗಳನ್ನು ಮಾಡುವುದು ಅವನ ಮೂವತ್ತು ವರ್ಷದ ಕಸುಬು. ದಿನವಿಡೀ ಊದುವವನು ಮಗಳ ಹುಟ್ಟುಹಬ್ಬಕ್ಕೆ ಒಂದು ಬಲೂನು ಊದಲು ಮಾತ್ರ ಸುಸ್ತೆನ್ನುತ್ತಾನೆ ಎಂಬುದು ಹೆಂಡತಿಯ ಹಳೆಯ ದೂರು.

ಈಚೆಗೆ ಎಲ್ಲ ಸಾಮಾನೂ ಅಂಗಡಿಯಿಂದಲೇ ಬರುತ್ತಿದ್ದರಿಂದ ಅವನಿಗೆ ನೊಣ ಹೊಡೆಯುವ ಕೆಲಸವೇ ಜಾಸ್ತಿಯಾಗಿತ್ತು. ಹಾಗಿರುವಾಗ ಭೌತಶಾಸ್ತ್ರದ ಮೇಡಂ ಒಂದು ನಕ್ಷೆ ಹಿಡಿದು ಬಂದರು. ನಳಿಗೆಯೊಳಗೊಂದು ನಳಿಗೆ, ನಡುವೆ ಗಾಳಿಯೇ ಇರಬಾರದು. ಬಿಸಿಲಿನಿಂದ ನೀರು ಕಾಯಿಸಲು ಎಂದರು. ಅದಕ್ಕೆ ಕಪ್ಪು ಬಣ್ಣ ಬಳಿದ ತಾಮ್ರದ ತಗಡು ಸಾಲದೇ ಎಂದು ಇವನು ಕೇಳಿದ. ತಗಡು ಮೊದಲು ತಾನು ಕಾದು, ಅರ್ಧ ಶಾಖವನ್ನು ಗಾಳಿಗೆ ಬಿಟ್ಟು, ಉಳಿದದ್ದನ್ನು ನೀರಿಗೆ ಕೊಡುತ್ತದೆ. ಅದರ ಬದಲು ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳನ್ನು ನೀರಿನಲ್ಲೇ ತೇಲಿಬಿಟ್ಟರೆ ನೀರೇ ನೇರವಾಗಿ ಬಿಸಿಲು ಕುಡಿಯುತ್ತದೆ ಎಂದು ಮೇಡಂ ವಿವರಿಸಿದರು. ಆ ದ್ರವ ತುಂಬಿದ ಬಾಟಲಿ ಎತ್ತಿ ತೋರಿಸಿದಾಗ ಅವನು ದಂಗಾದ. ಬೆಳ್ಳಿ ಅಂದರೆ ಬೆಳ್ಳಗಿರಬೇಕಲ್ಲ, ಇದು ಅಪ್ಪಟ ಜೇನಿನ ಬಣ್ಣ.

ಹತ್ತು ದಿನ ಕೂತು ಆರು ನಳಿಗೆ ಮಾಡಿಕೊಟ್ಟ. ತಾರಸಿಯ ಮೇಲೆ ಮೊದಲ ದಿನವೇ ಜೇನುನೀರು ಹೋಲಿಕೆಗೆಂದು ಪಕ್ಕದಲ್ಲಿಟ್ಟಿದ್ದ ಕಪ್ಪು ತಗಡನ್ನು ಹಿಂದೆ ಹಾಕಿತು. ನಾಲ್ಕನೆಯ ದಿನ ಬಣ್ಣ ಬೂದಿಯಾಗಿ, ತಳದಲ್ಲಿ ಗಸಿ ಕೂತಿತು. ಮೇಡಂ ಮತ್ತೆ ದ್ರವ ತಯಾರಿಸಿದರು, ಮತ್ತೆ ಅದೇ ಕಥೆ. ಒಂದು ತಿಂಗಳು ಅವರು ತಮ್ಮ ಲೆಕ್ಕವನ್ನೇ ತಿದ್ದಿದರು, ತಮ್ಮನ್ನೇ ಬೈದುಕೊಂಡರು.

ಬಾಟಲಿಯಲ್ಲಿ ಉಳಿದ ದ್ರವ ಮಾತ್ರ ಕೆಡುವುದಿಲ್ಲ ಎಂದು ಅವರು ಒಮ್ಮೆ ಮಾತಿಗೆ ಹೇಳಿದ್ದು ಉಫ್ ಮಾವನ ಎದೆಗೆ ನಾಟಿತು. ಬಾಟಲಿ ಅಂಗಡಿಯದು, ನಳಿಗೆ ತನ್ನದು. ಪ್ರತಿಸಲ ನಳಿಗೆ ತೊಳೆದುಕೊಟ್ಟವನೂ ತಾನೇ, ಅದೂ ನಲ್ಲಿ ನೀರಿನಲ್ಲಿ. ಆ ಉಪ್ಪುನೀರು ಮನೆಯ ಬಕೆಟ್ಟಿಗೆ ಬಿಳಿ ಪಟ್ಟಿ ಹಿಡಿಸುವುದನ್ನು ಅವನು ದಿನಾ ನೋಡುತ್ತಿದ್ದ. ಊಟ ಸೇರಲಿಲ್ಲ. ಹೆಂಡತಿ ಬಿಡದೆ ಕೇಳಿದಾಗ ವಿಷಯ ಹೇಳಿ, ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಸೇರಿಸಿದ.

"ಹೋಗಿ ಹೇಳಿಬಿಡಿ," ಅಂದಳು ಅವಳು. "ಬಾಯಿ ಇರೋದು ಊದೋಕೆ ಮಾತ್ರ ಅಲ್ಲ."

ಮರುದಿನ ಬೆಳಿಗ್ಗೆ ಮೇಡಂ ಅವರ ಕೋಣೆಯ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಎಲ್ಲ ಒಪ್ಪಿಸಿದ. ಅವರು ಒಂದು ಚಮಚ ದ್ರವಕ್ಕೆ ನಲ್ಲಿ ನೀರು ಬೆರೆಸಿ ನೋಡಿದರು. ಸ್ವಲ್ಪ ಹೊತ್ತಿಗೇ ಜೇನು ಬೂದಿಯಾಯಿತು. ಉಪ್ಪು ತಗುಲಿ ಕಣಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಮೇಡಂ ಕುರ್ಚಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ತೊಳೆಯೋ ನೀರು ಯಾವ್ದು ಅಂತ ನಾನೂ ಕೇಳ್ಲಿಲ್ಲ, ಮಾವ. ತಪ್ಪಲ್ಲಿ ಅರ್ಧ ನಂದು."

ಅವತ್ತಿನಿಂದ ನಳಿಗೆಗೆ ಬಟ್ಟಿ ಇಳಿಸಿದ ನೀರಿನ ಸ್ನಾನ, ಮೂರು ಸಲ. ಬಣ್ಣ ತಿಂಗಳುಗಟ್ಟಲೆ ಕದಲಲಿಲ್ಲ. ಆರು ಇದ್ದದ್ದು ಇಪ್ಪತ್ನಾಲ್ಕಾಗಿ, ಹಾಸ್ಟೆಲ್ಲಿನ ಅಡುಗೆಮನೆಗೆ ಪಾತ್ರೆ ತೊಳೆಯುವ ಬಿಸಿನೀರು ಬರತೊಡಗಿತು. ಅಡುಗೆಯವನು ತಾರಸಿ ಹತ್ತಿ ಬಂದು, ಪಾತ್ರೆಗಳಿಗೆ ಬೆಳ್ಳಿ ಅಂಟುತ್ತದೆಯೇ ಎಂದು ವಿಚಾರಿಸಿದ. ಆ ದ್ರವ ತನ್ನ ಕೊಳವೆಯಲ್ಲೇ ಸುತ್ತುತ್ತದೆ, ತೊಟ್ಟಿಯ ನೀರಿಗೆ ದಾಟುವುದು ಬಿಸಿ ಮಾತ್ರ ಎಂದು ಉಫ್ ಮಾವ, ಥೇಟ್ ಮೇಡಂ ಧಾಟಿಯಲ್ಲಿ, ಅರ್ಧ ಗಂಟೆ ಪಾಠ ಮಾಡಿದ.

"ಅಯ್ಯೋ, ಒಂದು ಲೋಟ ಬೆಳ್ಳಿ ಹೆಂಡ್ತಿಗೆ ಒಯ್ಯೋಣ ಅಂದ್ಕೊಂಡಿದ್ದೆ," ಎಂದು ಅಡುಗೆಯವನು ನಗುತ್ತ ಮೆಟ್ಟಿಲಿಳಿದ.